ಒಪ್ಪಿಗೆ ಪಡೆಯಲಾಗಿದೆ

ಹಾಸ್‌ಬೆಕ್ ಕಣಿವೆಯಲ್ಲಿ ನೆರೆಯವರು ಒಣಹುಲ್ಲು ಕೇಳಿದರೆ ಇಲ್ಲವೆನ್ನುವ ಪದ್ಧತಿಯಿಲ್ಲ. ಇದನ್ನು ಯಾರೂ ಬರೆದಿಟ್ಟಿಲ್ಲ. ಬರೆದಿಡುವ ಅಗತ್ಯವೂ ಬಂದಿರಲಿಲ್ಲ. ಹಿಮವು ಕಲ್ಲುಗೋಡೆಗಳ ನೆತ್ತಿಯವರೆಗೆ ಬಿದ್ದ ವರ್ಷ ಟೋಲ್ಸನ್ನರ ಕುರಿಗಳು ಮೌನ್ಸಿಯವರ ಬಣವೆಯಿಂದ ಬದುಕಿಕೊಂಡವು, ಮತ್ತು ಆ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ. ಇಂಥ ಒಳ್ಳೆಯ ಪದ್ಧತಿಯನ್ನೇ ಆಯುಧ ಮಾಡಿಕೊಂಡು ಒಬ್ಬ ಹೆಂಗಸಿನ ಹೊಲವನ್ನು ಬರಿದು ಮಾಡಲು ಹೊರಡಬಹುದೆಂಬುದನ್ನು ನಾನು ನನ್ನ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಕಂಡೆ. ಹೊರಟವರು ಆರು ಮನೆಯವರು. ಆರು ಮನೆಯವರೂ ನನ್ನ ಶಾಲೆಯಲ್ಲಿ, ನನ್ನ ಕೈಯಲ್ಲಿ ಅಕ್ಷರ ಕಲಿತವರು. ಆದ್ದರಿಂದ ಈ ಕಥೆಯ ನಾಚಿಕೆಯಲ್ಲಿ ನನಗೂ ಒಂದು ಪಾಲಿದೆ.

ಆ ಹೊಲದ ಹೆಸರು ಲಾಂಗ್ ಇಂಗ್. ಹೊಳೆಯ ಬಲದಂಡೆಗೆ ಚಾಚಿಕೊಂಡಿರುವ ಒಂಬತ್ತು ಎಕರೆ ಹುಲ್ಲುಗಾವಲು ಅದು. ಕಣಿವೆಯಲ್ಲಿ ನೇಗಿಲನ್ನೂ ಚೀಲದ ಗೊಬ್ಬರವನ್ನೂ ಕಾಣದೆ ಉಳಿದಿರುವುದು ಅದೊಂದೇ. ನಲವತ್ತು ವರ್ಷಗಳ ಹಿಂದೆ ಸರಕಾರವು ಹಳೆಯ ಹುಲ್ಲುಗಾವಲನ್ನು ಉತ್ತು, ಜೌಗನ್ನು ಬಸಿದು, ಒಂದೇ ಜಾತಿಯ ಹುಲ್ಲು ಬಿತ್ತುವವರಿಗೆ ಸಹಾಯಧನ ಕೊಡುತ್ತಿತ್ತು. ಆರು ಮನೆಗಳು ಸಂತೋಷದಿಂದ ಉತ್ತವು. ಏಳನೆಯ ಮನೆಯ ಜೋಸೆಫ್ ಟೋಲ್ಸನ್ ಉಳಲಿಲ್ಲ. ಕುರಿ ಹರಾಜಿನ ಕಟ್ಟೆಯ ಮೇಲೆ ಅವನನ್ನು ‘ಕಳೆ ಬೆಳೆಯುವ ಜೋಸೆಫ್’ ಎಂದು ಕೂಗಿ ನಗುತ್ತಿದ್ದರು. ಅವನು ಸತ್ತ ಮೇಲೆ ಮಗಳು ಆಗ್ನೆಸ್ ಮದುವೆಯಾಗದೆ, ಹೊಲ ಬಿಡದೆ, ಅಪ್ಪ ಮಾಡಿದಂತೆಯೇ ಮಾಡಿಕೊಂಡು ಬಂದಳು. ನಗುವುದನ್ನು ಅವರು ಅವಳ ಮೇಲೆ ಮುಂದುವರಿಸಿದರು.

ಈಗ ಅದೇ ಸರಕಾರ, ಬೇರೊಂದು ಹೆಸರಿನ ಇಲಾಖೆಯ ಮೂಲಕ, ಉತ್ತು ಕೆಡಿಸಿದ್ದನ್ನು ಮತ್ತೆ ಹೂವಿನ ಹುಲ್ಲುಗಾವಲಾಗಿ ಮಾಡುವವರಿಗೆ ಸಹಾಯಧನ ಕೊಡುತ್ತಿದೆ. ನೀತಿಯ ಉದ್ದೇಶವನ್ನು ನಾನು ಹಳಿಯಲಾರೆ. ದುಂಬಿಯಿಲ್ಲದ, ಹಕ್ಕಿಯಿಲ್ಲದ ಹಸಿರು ಕಂಬಳಿಯಂಥ ಹೊಲಗಳನ್ನು ನೋಡಿ ನೋಡಿ ನನಗೂ ಸಾಕಾಗಿತ್ತು. ಆದರೆ ಕೆಡಿಸಿ ಸರಿಪಡಿಸುವವನಿಗೆ ಆ ನೀತಿಯಲ್ಲಿ ಸಿಗುವುದು, ಕೆಡಿಸದೆ ಕಾಪಾಡಿದವಳಿಗೆ ಸಿಗುವುದರ ಮೂರು ಪಟ್ಟು. ಇದನ್ನು ನ್ಯಾಯವೆಂದು ಯಾವ ತರಗತಿಯಲ್ಲಿ, ಯಾವ ಮುಖ ಹೊತ್ತು ಕಲಿಸುವುದು?

ಜೂನ್ ಮೊದಲ ವಾರದ ಒಂದು ಬೆಳಿಗ್ಗೆ ನಾನು ಆಗ್ನೆಸಳ ಅಡುಗೆಮನೆಯಲ್ಲಿ ಅವಳ ಕುರಿಗಳ ಕಾಗದಪತ್ರ ಓದಿ ಹೇಳುತ್ತಿದ್ದೆ. ಲ್ಯಾಂಟಿ ಮೌನ್ಸಿ ಬಾಗಿಲು ತಟ್ಟದೆ ಒಳಗೆ ಬಂದ. ಗೋಡೆಯಾಚೆಯ ದೊಡ್ಡ ಜಮೀನು ಅವನದು. ಬೆಟ್ಟದ ಮೇಲಿನ ಸಾಮೂಹಿಕ ಮೇಯುಮಾಳದ ಸಂಘಕ್ಕೂ ಅವನೇ ಅಧ್ಯಕ್ಷ. ಆಗ್ನೆಸಳೂ ಅವನೂ ನನ್ನ ಶಾಲೆಯಲ್ಲಿ ಒಂದೇ ಬೆಂಚು.

“ಟೀ ಇದೆಯೇನೇ ಆಗ್ನೆಸ್? ಓಹೋ, ಮಿಸ್ಸೂ ಇಲ್ಲೇ ಇದಾರೆ.”

“ಬೂಟು ಹೊರಗೆ ಬಿಡು ಲ್ಯಾಂಟಿ,” ಎಂದೆ.

“ಐವತ್ತೊಂಬತ್ತಾಯ್ತು ಮಿಸ್ ನಂಗೆ. ಇನ್ನೂ ಬಯ್ತೀರಲ್ಲ!”

“ಐವತ್ತೊಂಬತ್ತಾದ್ರೂ ಕೆಸರು ಕೆಸರೇ.”

ಅವನು ನಕ್ಕು, ಬೂಟು ಬಿಟ್ಟು ಬಂದು, ಕೋಟಿನ ಒಳಜೇಬಿನಿಂದ ಒಂದು ಕಾಗದ ತೆಗೆದು ಬೆಣ್ಣೆಯ ತಟ್ಟೆಯ ಪಕ್ಕದಲ್ಲಿಟ್ಟ. “ಇದಕ್ಕೊಂದು ಗೀಟು ಎಳೆದುಬಿಡು. ನಾನು ಹೊರಟೆ.”

ಆಗ್ನೆಸ್ ಕೈ ಒರೆಸಿಕೊಂಡು ಕಾಗದವನ್ನು ನನ್ನ ಕಡೆ ತಳ್ಳಿದಳು. ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದೆ. ಹುಲ್ಲುಗಾವಲು ಪುನಶ್ಚೇತನ, ಹಾಸ್‌ಬೆಕ್ ಗುಂಪು, ಆರು ಜಮೀನು. ಬೀಜ ಕೊಡುವ ಹುಲ್ಲುಗಾವಲು: ಲಾಂಗ್ ಇಂಗ್, ಒಂಬತ್ತು ಎಕರೆ, ಪೂರ್ತಿ. ಮಾಲೀಕರ ಒಪ್ಪಿಗೆ: ಪಡೆಯಲಾಗಿದೆ. ದಿನಾಂಕ ಹಿಂದಿನ ನವೆಂಬರ್ ಹದಿನಾಲ್ಕು. ಕೆಳಗೆ ಗುಂಪಿನ ಅಧ್ಯಕ್ಷ ಲ್ಯಾಂಟಿಯ ಸಹಿ.

“ನವೆಂಬರಲ್ಲಿ ನೀನು ನನ್ನ ಕೇಳಿದ್ಯಾ?” ಎಂದಳು ಆಗ್ನೆಸ್.

“ಈಗ ಕೇಳ್ತಿದೀನಲ್ಲ.”

“ಇಲ್ಲಿ ಪಡೆದಾಯ್ತು ಅಂತಿದೆ.”

“ಅಯ್ಯೋ, ಹುಲ್ಲು ಕಣೇ ಅದು! ಹಿಮದ ವರ್ಷ ನಿಮ್ಮಪ್ಪ ನಮ್ಮಪ್ಪನ ಬಣವೇಲಿ ಅರ್ಧ ಹೊತ್ಕೊಂಡು ಹೋದ. ಯಾವ ಕಾಗದಕ್ಕೆ ಸಹಿ ಹಾಕಿದ್ದ? ಯಾರು ಯಾರನ್ನ ಕೇಳಿದ್ರು?”

“ಅವತ್ತು ಕುರಿ ಸಾಯ್ತಿದ್ವು ಲ್ಯಾಂಟಿ. ಇವತ್ತು ನಿಂದೇನು ಸಾಯ್ತಿದೆ?”

ಅವನು ಕೇಳುತ್ತಿದ್ದುದು ಒಣಹುಲ್ಲನ್ನಲ್ಲ. ಯೋಜನೆಯ ಕ್ರಮ ಹೀಗಿದೆ: ಹಳೆಯ ಹುಲ್ಲುಗಾವಲನ್ನು ಬೀಜ ಬಲಿತ ಹೊತ್ತಿಗೆ ಬೆಳಿಗ್ಗೆ ಕೊಯ್ದು, ಹಸಿಯಾಗಿಯೇ ಅಂದೇ ಹೇರಿಕೊಂಡು ಹೋಗಿ, ಕೆರೆದು ಸಿದ್ಧಮಾಡಿದ ಬೇರೆ ಹೊಲದಲ್ಲಿ ಹರಡಬೇಕು. ಹುಲ್ಲಿನ ಜೊತೆಗೆ ಹೋದ ಬೀಜ ಅಲ್ಲಿ ಉದುರಿ ಮೊಳೆಯುತ್ತದೆ. ಒಂದು ಎಕರೆಯ ಹಸಿಹುಲ್ಲು ಮೂರು ಎಕರೆಗೆ ಸಾಕು. ಆರು ಮನೆಯವರು ಬರೆದುಕೊಟ್ಟ ಹೊಲಗಳೆಲ್ಲ ಸೇರಿ ಇಪ್ಪತ್ತೇಳು ಎಕರೆಯಾಗಿದ್ದರಿಂದ ಅವರಿಗೆ ಲಾಂಗ್ ಇಂಗ್ ಒಂದು ಮುಷ್ಟಿಯೂ ಬಿಡದಂತೆ ಬೇಕಾಗಿತ್ತು.

ನಮ್ಮ ಹುಲ್ಲುಗಾವಲಿನ ಜೀವ ಒಂದು ಗಿಡದಲ್ಲಿದೆ. ಹಳದಿ ಹೂವಿನ, ಮೊಣಕಾಲೆತ್ತರದ ಗಿಡ. ಒಣಗಿದ ಕಾಯಿಯೊಳಗೆ ಬೀಜ ಗಲಗಲವೆನ್ನುವುದರಿಂದ ನಾವು ಅದನ್ನು ಗಿಲಕಿ ಗಿಡವೆನ್ನುತ್ತೇವೆ. ಅದು ಹುಲ್ಲಿನ ಬೇರನ್ನು ಹೀರಿ, ಹುಲ್ಲು ಸೊಕ್ಕದಂತೆ ತಡೆಯುತ್ತದೆ. ಹುಲ್ಲು ತಗ್ಗಿದೆಡೆಯಲ್ಲಿ ಮಿಕ್ಕ ಹೂಗಳಿಗೆ ಬೆಳಕು ಸಿಗುತ್ತದೆ. ಅದರ ಆಯುಸ್ಸು ಒಂದೇ ವರ್ಷ. ಬೀಜ ಆ ವರ್ಷವೇ ನೆಲಕ್ಕೆ ಬೀಳಬೇಕು. ಮಣ್ಣಿನಲ್ಲಿ ಎರಡನೆಯ ವರ್ಷಕ್ಕೆ ಕಾದು ಕೂರುವ ಶಕ್ತಿ ಅದಕ್ಕಿಲ್ಲ. ನಾವು ಕೊಯ್ದ ಹುಲ್ಲನ್ನು ಮೂರು ನಾಲ್ಕು ದಿನ ಹೊಲದಲ್ಲೇ ಮಗುಚಿ ಮಗುಚಿ ಒಣಗಿಸುತ್ತೇವಾದ್ದರಿಂದ ಬೀಜ ತಾನಾಗಿ ಉದುರಿಕೊಳ್ಳುತ್ತದೆ. ಹಸಿಯಾಗಿ ಹೊತ್ತೊಯ್ದರೆ ಬೀಜವೂ ಹೋಯಿತು. ಒಂಬತ್ತು ಎಕರೆಯನ್ನೂ ಹಾಗೆ ಹೊತ್ತೊಯ್ದರೆ ಮರುವರ್ಷ ಲಾಂಗ್ ಇಂಗಿನಲ್ಲಿ ಗಿಲಕಿ ಇರುವುದಿಲ್ಲ. ಐದು ವರ್ಷದಲ್ಲಿ ಅದಕ್ಕೂ ಲ್ಯಾಂಟಿಯ ಹೊಲಕ್ಕೂ ವ್ಯತ್ಯಾಸ ಇರುವುದಿಲ್ಲ. ಇದು ಲ್ಯಾಂಟಿಗೆ ತಿಳಿಯದ ಸಂಗತಿಯೇನೂ ಅಲ್ಲ. ಏಳನೆಯ ವಯಸ್ಸಿನಲ್ಲಿ ಆ ಕಾಯಿಯನ್ನು ನನ್ನ ಮೇಜಿನ ಮೇಲೆ ಒಡೆದು ಬೀಜ ಎಣಿಸಿದವನು ಅವನು.

“ಮೂರೆಕರೆ ತಗೋ,” ಎಂದಳು ಆಗ್ನೆಸ್. “ಈ ವರ್ಷ ಎರಡು ಮನೆಗೆ. ಬರೋ ವರ್ಷ ಇನ್ನೊಂದು ಮೂಲೇಲಿ ಮೂರೆಕರೆ, ಇನ್ನೆರಡು ಮನೆಗೆ. ಅದರಾಚೆ ವರ್ಷ ಉಳಿದೋರಿಗೆ. ಹೊಲಾನೂ ಉಳಿಯತ್ತೆ, ನಿಮಗೂ ಸಿಗತ್ತೆ.”

“ಕಾಗದದಲ್ಲಿ ಆರೂ ಮನೆ ಈ ವರ್ಷಾನೇ ಅಂತಿದೆ. ಜುಲೈ ಮೂವತ್ತೊಂದರೊಳಗೆ.”

“ಹಂಗಾದ್ರೆ ಕಾಗದ ತಿದ್ದು.”

“ಸರಕಾರದ ಕಾಗದ ಕಣೇ. ನಿನ್ನ ದಿನಸಿ ಚೀಟಿ ಅಲ್ಲ, ಸಕ್ಕರೆ ಹೊಡೆದುಹಾಕಿ ಉಪ್ಪು ಬರೆಯೋಕೆ.”

“ನನ್ನ ಹೊಲಾನೂ ನಿನ್ನ ದಿನಸಿ ಅಂಗಡಿ ಅಲ್ಲ.”

ಲ್ಯಾಂಟಿ ಟೀ ಕುಡಿಯದೆ, ಕಾಗದವನ್ನು ಜೇಬಿಗಿಟ್ಟುಕೊಂಡು ಎದ್ದ. ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತಾ, “ಈ ಕಣಿವೇಲಿ ಹುಲ್ಲು ಇಲ್ಲ ಅಂದೋಳು ನೀನೇ ಮೊದಲು. ನಿಮ್ಮಪ್ಪ ಕೇಳಿದ್ರೆ ಏನಂತಿದ್ದ?” ಎಂದ.

“ನಮ್ಮಪ್ಪನ್ನ ಕಳೆ ಜೋಸೆಫ್ ಅಂತಿದ್ರಲ್ಲ ನೀವು. ಕಳೆ ಬೇಡಕ್ಕೆ ಬಂದಿದೀಯ ಅಂತಿದ್ದ,” ಎಂದಳು ಆಗ್ನೆಸ್.

ಯೋಜನೆಯ ಮಾರ್ಗದರ್ಶಿ ನೂರಹನ್ನೆರಡು ಪುಟಗಳದು. ನಾನು ಅದನ್ನು ತರಿಸಿ ಎರಡು ದಿನ ಕೂತು ಓದಿದೆ. ಎಂಬತ್ತಮೂರನೆಯ ಪುಟದಲ್ಲಿ ಉತ್ತರವಿತ್ತು. ಹತ್ತಿರದಲ್ಲಿ ಬೀಜ ಕೊಡುವ ಹುಲ್ಲುಗಾವಲು ಸಾಕಷ್ಟಿಲ್ಲದಿದ್ದರೆ, ಜೂನ್ ಮೂವತ್ತರೊಳಗೆ ಗುಂಪು ಒಂದು ಪತ್ರ ಬರೆದು, ಕೆಲಸವನ್ನು ಮೂರು ವರ್ಷಕ್ಕೆ ಹಂಚಿಕೊಡುವಂತೆ ಕೇಳಬಹುದು. ಒಂದು ಪತ್ರ! ನಾಲ್ಕನೆಯ ತರಗತಿಯ ಮಗು ಬರೆಯಬಲ್ಲ ಪತ್ರ.

ಸಂಘದ ಸಭೆ ಹಳ್ಳಿಯ ಹಜಾರದಲ್ಲಿ ಸೇರಿದ ದಿನ ಮಾರ್ಗದರ್ಶಿಯನ್ನು ಕಂಕುಳಲ್ಲಿಟ್ಟುಕೊಂಡು ಹೋದೆ. ಆರು ಮನೆಯ ಗಂಡಸರೂ ಇದ್ದರು. ಅವರಲ್ಲಿ ಕಿರಿಯವನು ಜಾಸ್ ಬರ್ಕೆಟ್, ನಾನು ಕೊನೆಗೆ ಪಾಠ ಹೇಳಿದ ತರಗತಿಯವನು. ಅವನೇ ಮೊದಲು ಬಾಯಿ ಬಿಟ್ಟ.

“ಏನ್ ಮಿಸ್, ಹೋಂವರ್ಕ್ ಕೊಡೋಕೆ ಬಂದ್ರಾ?”

“ಹಳೇದೇ ಬಾಕಿ ಇದೆಯಲ್ಲ ನಿಂದು,” ಎಂದು ಪುಟ ತೆರೆದು ಓದಿದೆ. ಓದಿ ಮುಗಿಸಿದಾಗ ಎಲ್ಲರೂ ಮೇಜಿನ ಕಡೆ ನೋಡುತ್ತಿದ್ದರು.

ಲ್ಯಾಂಟಿ ನಿಧಾನವಾಗಿ ಹೇಳಿದ: “ಆ ಪತ್ರ ಬರೆದ್ರೆ ಏನ್ ಕೇಳ್ತಾರೆ ಗೊತ್ತಾ? ‘ಹೊಲ ಪೂರ್ತಿ ಸಿಕ್ಕಿದೆ, ಒಪ್ಪಿಗೆ ಇದೆ ಅಂದಿದ್ರಲ್ಲ, ಈಗ್ಯಾಕೆ ಸಾಲಲ್ಲ?’ ಅಂತಾರೆ.”

“ಅಂದ್ರೆ ಸುಳ್ಳು ಬರೆದಿದೀರಿ ಅಂತ ನಿಮಗೆಲ್ಲ ಗೊತ್ತಿತ್ತು.”

“ಸುಳ್ಳಲ್ಲ ಮಿಸ್,” ಎಂದ ಜಾಸ್. “ಸ್ವಲ್ಪ ಮುಂಚೆ ಬರೆದ ನಿಜ.”

ಅವರು ನಕ್ಕರು. ಆ ನಗೆಯನ್ನು ನಾನು ಮರೆಯಲಾರೆ. ಒಂದು ಸುಳ್ಳನ್ನು ಒಪ್ಪಿಕೊಂಡು ತಿದ್ದುವುದಕ್ಕಿಂತ ನೆರೆಯವಳ ನೆಲವನ್ನು ಹಾಳುಮಾಡುವುದು ಸುಲಭವೆಂದು ಆರು ಜನ ವಯಸ್ಕರು ತೀರ್ಮಾನಿಸಿದ್ದರು, ಮತ್ತು ಆ ಕೆಲಸಕ್ಕೆ ಅವರು ಇಟ್ಟಿದ್ದ ಹೆಸರು ಪ್ರಕೃತಿಸ್ನೇಹಿ ಕೃಷಿ!

“ಮಕ್ಕಳಾ ಮರಿಯಾ ಅವಳಿಗೆ? ಯಾರಿಗೆ ಉಳಿಸ್ತಾಳಂತೆ ಆ ಕಳೇನ?” ಎಂದ ಮತ್ತೊಬ್ಬ.

“ಇರಲಿ ಬಿಡ್ರಪ್ಪಾ,” ಎಂದ ಲ್ಯಾಂಟಿ. “ನೆರೆಯೋರಿಗೆ ಹುಲ್ಲಿಲ್ಲ ಅಂದೋಳಿಗೆ ನೆರೆ ಯಾಕೆ? ಕತ್ತರಿ ದಿನ ಗೊತ್ತಾಗತ್ತೆ.”

ಉಣ್ಣೆ ಕತ್ತರಿಸುವ ದಿನ ನಮ್ಮಲ್ಲಿ ಒಬ್ಬರ ಮನೆಗೆ ಉಳಿದ ಆರು ಮನೆಯವರು ಮುಯ್ಯಾಳಾಗಿ ಬರುತ್ತಾರೆ. ಗೋಡೆಯ ಜಗಳ, ನಾಯಿಯ ಜಗಳ, ಹೆಣ್ಣಿನ ಜಗಳ, ಯಾವುದಿದ್ದರೂ ಆ ದಿನ ಬರುತ್ತಾರೆ. ನೂರಾರು ವರ್ಷಗಳಲ್ಲಿ ಒಂದು ಮನೆಗೆ ಆಳು ತಪ್ಪಿದ್ದನ್ನು ನಾನು ಕೇಳಿಲ್ಲ.

ಜುಲೈ ಆರರಂದು ಎಲ್ಲರೂ ಸೇರಿ ಬೆಟ್ಟದಿಂದ ಕುರಿ ಇಳಿಸಿದರು. ಮೈಮೇಲಿನ ಬಣ್ಣದ ಗುರುತು ನೋಡಿ ಬೇರೆ ಮಾಡುವಾಗ ಎಡಭುಜದ ಮೇಲೆ ಕೆಂಪುಪಟ್ಟೆಯ ಟೋಲ್ಸನ್ ಕುರಿಗಳನ್ನು ಒಂದು ಮರಿಯೂ ತಪ್ಪದಂತೆ ಆಗ್ನೆಸಳ ದೊಡ್ಡಿಗೆ ಬಿಟ್ಟರು. ದ್ವೇಷದಲ್ಲಿಯೂ ಇನ್ನೊಬ್ಬರ ಗುರುತಿನ ಕುರಿಯನ್ನು ಯಾರೂ ಮುಟ್ಟುವುದಿಲ್ಲ. ಆದರೆ ಎಂಟನೆಯ ತಾರೀಖು, ಆಗ್ನೆಸಳ ಕತ್ತರಿ ದಿನ, ಯಾರೂ ಬರಲಿಲ್ಲ.

ಅವಳು ಹನ್ನೆರಡು ಜನಕ್ಕೆ ಹಂದಿಮಾಂಸ ಬೇಯಿಸಿದ್ದಳು, ಹಣ್ಣು ತುಂಬಿದ ಮೂರು ಪೈ ಮಾಡಿದ್ದಳು. ಏಳು ಗಂಟೆಯಾಯಿತು, ಎಂಟಾಯಿತು. ರಸ್ತೆಯಲ್ಲಿ ಜಾಸ್‌ನ ಗಾಡಿ ನಿಧಾನ ಮಾಡದೆ ಹಾದುಹೋಯಿತು. ಆಗ್ನೆಸ್ ತಟ್ಟೆಗಳನ್ನು ಕಪಾಟಿಗೆ ವಾಪಸು ಇಟ್ಟು, ಕತ್ತರಿ ಯಂತ್ರದ ತಂತಿ ಸಿಕ್ಕಿಸಿದಳು. ಕೂಲಿಗೆ ಕತ್ತರಿಸುವ ತಂಡಗಳೆಲ್ಲ ತಿಂಗಳ ಕೊನೆಯವರೆಗೆ ಬೇರೆ ಕಣಿವೆಗಳಲ್ಲಿದ್ದವು. ಇನ್ನೂರ ಮೂವತ್ತು ಕುರಿ; ಐವತ್ತೆಂಟು ವಯಸ್ಸಿನ, ಬಲಭುಜ ಎತ್ತಲಾಗದ ಒಬ್ಬಳು; ಉಣ್ಣೆ ಸುತ್ತಿ ಕಟ್ಟಲು ಎಪ್ಪತ್ತನಾಲ್ಕರ ನಾನು. ಸಂಜೆಗೆ ನಲವತ್ತಾರು ಮುಗಿದವು.

ಎರಡನೆಯ ದಿನ ಲ್ಯಾಂಟಿಯ ಹೆಂಡತಿ ಮೇವಿಸ್ ಗೇಟಿನ ಹತ್ತಿರ ಬಂದು ನಿಂತಳು. ಮೂವತ್ತು ವರ್ಷ ಪ್ರತಿ ಕತ್ತರಿ ದಿನವೂ ಈ ಇಬ್ಬರೂ ಒಂದೇ ಒಲೆಯ ಮುಂದೆ ಅಡುಗೆ ಮಾಡಿದವರು. ಗೇಟು ತೆಗೆಯದೆ ಅಲ್ಲಿಂದಲೇ ಕೂಗಿದಳು.

“ಸಹಿ ಹಾಕ್ಬಿಡೇ ಆಗ್ನೆಸ್. ಅವನಿಗೆ ಒಂದು ವಾರದಿಂದ ನಿದ್ದೆ ಇಲ್ಲ.”

“ನಂಗೆ ಚೆನ್ನಾಗಿ ಬರತ್ತೆ ನಿದ್ದೆ. ಸುಸ್ತಾಗಿರತ್ತಲ್ಲ.”

“ಹಟ ಮಾಡಿ ಏನ್ ಗಂಟು ಕಟ್ಕೋತೀಯ? ಅಕ್ಟೋಬರಲ್ಲಿ ಕುರಿ ಇಳಿಸೋಕೆ ಒಬ್ಬಳೇ ಹತ್ತೀಯಾ ಬೆಟ್ಟಾನ? ಆ ಮಂಜಲ್ಲಿ?”

ಆಗ್ನೆಸ್ ಯಂತ್ರ ನಿಲ್ಲಿಸಿದಳು. “ಈ ಮಾತು ನಿಂದಾ, ಅವಂದಾ?”

“ಎಲ್ಲರದೂ.”

“ಮಿಸ್, ಮುಂದಿನ ಕುರಿ ಬಿಡಿ,” ಎಂದು ಆಗ್ನೆಸ್ ಯಂತ್ರ ಹಾಕಿದಳು. ಅದರ ಸದ್ದಿನಲ್ಲಿ ಮೇವಿಸ್ ಇನ್ನೇನು ಕೂಗಿದಳೋ ಕೇಳಿಸಲಿಲ್ಲ.

ಆ ಬೆದರಿಕೆ ಏನೆಂಬುದು ಕಣಿವೆಯವರಿಗೆಲ್ಲ ಗೊತ್ತು. ಉಣ್ಣೆ ಕತ್ತರಿಸಿದ ಕುರಿ ಮತ್ತೆ ಹೋಗುವುದು ಬೇಲಿಯಿಲ್ಲದ ನಾಲ್ಕು ಸಾವಿರ ಎಕರೆ ಬೆಟ್ಟಕ್ಕೆ. ಏಳು ಮನೆಯ ಜನ, ನಾಯಿಗಳು ಸಾಲುಗಟ್ಟಿ ನಡೆದರೆ ಮಾತ್ರ ಕುರಿ ಕೆಳಗಿಳಿಯುತ್ತವೆ. ನೆರೆಯಿಲ್ಲದ ಜಮೀನು ಇಲ್ಲಿ ಮೂರು ವರ್ಷ ಬಾಳುವುದಿಲ್ಲ. ಕುರಿಯನ್ನೂ ಆಮೇಲೆ ಮನೆಯನ್ನೂ ಮಾರಿ ಪೇಟೆಗೆ ಹೋಗಬೇಕು. ಆಗ್ನೆಸ್ ಲಾಂಗ್ ಇಂಗನ್ನು ಕೊಟ್ಟರೆ ಹುಲ್ಲುಗಾವಲು ಹೋಗುತ್ತದೆ. ಕೊಡದಿದ್ದರೆ ಹುಲ್ಲುಗಾವಲಿನ ಸಮೇತ ಎಲ್ಲವೂ ಹೋಗುತ್ತದೆ. ಈ ಲೆಕ್ಕವನ್ನು ಅವಳಿಗೆ ಅರ್ಥವಾಗುವಂತೆ ಹೇಳಲೆಂದೇ ಅವರು ಹೆಂಗಸನ್ನು ಕಳಿಸಿದ್ದರು.

ಐದನೆಯ ದಿನ ಕೊನೆಯ ಕುರಿಯನ್ನು ಬಿಟ್ಟಾಗ ಆಗ್ನೆಸ್ ಉಣ್ಣೆಯ ಮೂಟೆಯ ಮೇಲೆ ಕುಸಿದು ಕುಳಿತಳು. ಬಲಗೈ ತೊಡೆಯ ಮೇಲೆ ಯಾರದೋ ಕೈಯಂತೆ ಬಿದ್ದಿತ್ತು.

“ಕೊಟ್ಬಿಡ್ಲಾ ಮಿಸ್?”

ನನ್ನ ಬಳಿ ಉತ್ತರವಿತ್ತು. ಐವತ್ತು ವರ್ಷದಿಂದ ಇಂಥ ಪ್ರಶ್ನೆಗಳಿಗೆ ಕರಿಹಲಗೆಯ ಮುಂದೆ ನಿಂತು ಉತ್ತರ ಹೇಳಿದವಳು ನಾನು. ಆದರೆ ಅಕ್ಟೋಬರಿನಲ್ಲಿ ಬೆಟ್ಟ ಹತ್ತಬೇಕಾದವಳು ಅವಳು. ಅವಳ ಬೂಟಿನ ದಾರ ಬಿಚ್ಚಿಕೊಟ್ಟೆ, ಅಷ್ಟೆ.

ಜುಲೈ ಹದಿನೇಳಕ್ಕೆ ಇಲಾಖೆಯ ಸಲಹೆಗಾರ್ತಿ ಬೀಜದ ಹೊಲ ನೋಡಲು ಬಂದಳು. ಇಮೊಜೆನ್ ಎಂಬ, ಮೂವತ್ತರ ಒಳಗಿನ, ಒಳ್ಳೆಯ ಮನಸ್ಸಿನ ಹುಡುಗಿ. ಆರು ಮನೆಯವರೂ ಲಾಂಗ್ ಇಂಗಿನ ಗೋಡೆಗೆ ಒರಗಿ ನಿಂತಿದ್ದರು. ಆಗ್ನೆಸಳ ಸಹಿಯಿಲ್ಲದ ಕಾಗದ ಲ್ಯಾಂಟಿಯ ಜೇಬಿನಲ್ಲಿಯೇ ಇತ್ತು. ಆದರೂ ಅವನ ಮುಖದಲ್ಲಿ ಆತಂಕ ಕಾಣಲಿಲ್ಲ. ಅದಕ್ಕೂ ಕಾರಣವಿತ್ತು. ಹುಲ್ಲಿನ ಪದ್ಧತಿಗಿಂತ ಗಟ್ಟಿಯಾದ ಇನ್ನೊಂದು ಪದ್ಧತಿ ನಮ್ಮಲ್ಲಿದೆ: ಸರಕಾರದವರ ಮುಂದೆ ನೆರೆಯವನ ಮೇಲೆ ಬಾಯಿ ಬಿಡುವಂತಿಲ್ಲ. ಕುರಿಗಳಿಗೆ ಔಷಧದ ಸ್ನಾನ ಮಾಡಿಸದ ಮನೆ ಯಾವುದೆಂದು ಒಬ್ಬ ಅಧಿಕಾರಿ ಕೇಳಿಕೊಂಡು ಬಂದ ವರ್ಷ ಇಡೀ ಕಣಿವೆಗೆ ಕಿವುಡು ಹಿಡಿದಿತ್ತು. ಜೋಸೆಫನ ಮಗಳು ಜೋಸೆಫನಂತೆಯೇ ಇರುತ್ತಾಳೆಂದು ಅವರೆಲ್ಲ ನಂಬಿದ್ದರು. ಇದು ನಮ್ಮ ಕಣಿವೆಯವರು ಮಾತ್ರ ಮಾಡಬಲ್ಲ ತಪ್ಪು. ಅವಳನ್ನು ನೆರೆಯಿಂದ ಹೊರಗೆ ಹಾಕಿದ ಮೇಲೂ ನೆರೆಯ ಮರ್ಯಾದೆಯನ್ನು ಅವಳೊಬ್ಬಳು ಕಾಪಾಡುತ್ತಾಳೆಂದು ಲೆಕ್ಕ ಹಾಕಿದ್ದರು.

ಇಮೊಜೆನ್ ಮಂಡಿಯೂರಿ ಹುಲ್ಲು ಸರಿಸಿ ಸರಿಸಿ ನೋಡಿದಳು. ಒಣಗುತ್ತಿದ್ದ ಗಿಲಕಿ ಕಾಯಿಗಳು ಅವಳ ಮೊಣಕಾಲಿಗೆ ತಾಗಿ ಗಲಗಲವೆನ್ನುತ್ತಿದ್ದವು. ಎದ್ದು ನಿಂತಾಗ ಅವಳ ಕಣ್ಣು ಅರಳಿತ್ತು.

“ಮೂವತ್ತೊಂದು ಜಾತಿ ಎಣಿಸಿದೆ! ಇಂಥ ಹೊಲಾನ ನಾನು ಇನ್ನೆಲ್ಲೂ ನೋಡಿಲ್ಲ. ನಿಮ್ಮದು ದೊಡ್ಡ ಮನಸ್ಸು, ಮಿಸ್ ಟೋಲ್ಸನ್. ಪೂರ್ತಿ ಒಂಬತ್ತು ಎಕರೆ ಕೊಡೋದು ಅಂದ್ರೆ ಸಾಮಾನ್ಯ ಅಲ್ಲ.”

ಆಗ್ನೆಸ್ ಗೋಡೆಯ ಕಡೆ ನೋಡಿದಳು. ಲ್ಯಾಂಟಿ ಬಗ್ಗಿ ನಾಯಿಯ ಕಿವಿ ಕೆರೆಯುತ್ತಿದ್ದ.

“ನಾನು ಕೊಟ್ಟಿಲ್ಲ,” ಎಂದಳು.

“ಅಂದ್ರೆ?”

“ನವೆಂಬರಲ್ಲಿ ನನ್ನ ಯಾರೂ ಕೇ‍ಳ್ಲಿಲ್ಲ. ಜೂನಲ್ಲಿ ಬಂದು ಕೇಳಿದ್ರು. ಮೂರನೇ ಒಂದು ಪಾಲು ಕೊಡ್ತೀನಿ, ಮೂರು ವರ್ಷ ಕೊಡ್ತೀನಿ ಅಂದೆ. ಬೇಡ ಅಂದ್ರು.”

ಗೋಡೆಯ ಕಡೆಯಿಂದ ಜಾಸ್ ಉಗಿದ ಸದ್ದು ಕೇಳಿಸಿತು. “ಥೂ! ಗೌರ್ಮೆಂಟಿನೋರ ಮುಂದೆ!”

ಲ್ಯಾಂಟಿ ನೆಟ್ಟಗೆ ನಿಂತ. ಮುಖ ಕೆಂಪಗಾಗಿರಲಿಲ್ಲ, ಸುಣ್ಣದಂತಾಗಿತ್ತು. “ನೀನೊಬ್ಬ ನೆರೆಯವಳಾ ಆಗ್ನೆಸ್?”

“ಎಂಟನೇ ತಾರೀಖಿನವರೆಗೂ ಆಗಿದ್ದೆ,” ಎಂದಳು ಅವಳು.

ಇಮೊಜೆನ್ ಕೈಯಲ್ಲಿದ್ದ ತಟ್ಟೆಯಂಥ ಯಂತ್ರದ ಮೇಲೆ ಬೆರಳಾಡಿಸಿ, “ಆದ್ರೆ ಅರ್ಜೀಲಿ ಒಪ್ಪಿಗೆ ಪಡೆದಿದೆ ಅಂತ...” ಎಂದು ತೊದಲಿದಳು. ನನಗೆ ತಡೆಯಲಾಗಲಿಲ್ಲ.

“ನೋಡಮ್ಮ, ನೀವು ಆಕಾಶದಿಂದ ಚಿತ್ರ ತೆಗೆದು ಈ ಹೊಲಾನ ಅಂಗುಲ ಬಿಡದೆ ಅಳೆದಿದೀರಿ. ನವೆಂಬರಿಂದ ಇಲ್ಲೀವರೆಗೆ ಎಂಟು ತಿಂಗಳಾಯ್ತು. ಆ ಬಾಗಿಲು ಎಷ್ಟು ದೂರ ಇತ್ತು? ಒಂದು ಸಲ ತಟ್ಟೋಕೆ ಆಗ್ಲಿಲ್ವಾ?”

“ಆ ಕಾಲಂ ತುಂಬಿದ್ರೆ ಸಾಕು ಅಂತ ನಿಯಮ ಇದೆ, ಮೇಡಂ.”

“ಕಾಲಂ ತುಂಬಿದೆ. ನ್ಯಾಯ ತುಂಬಿಲ್ಲ.”

ಹುಡುಗಿ ತಲೆ ತಗ್ಗಿಸಿದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಹೂವನ್ನು ಎಣಿಸಲು ಅವಳಿಗೆ ಕಲಿಸಿದವರು ಹೂವನ್ನು ಉಳಿಸಿದವರ ಮನೆಯ ದಾರಿಯನ್ನೂ ಕಲಿಸಬೇಕಾಗಿತ್ತು. ಪ್ರಕೃತಿಯ ಹೆಸರಿನಲ್ಲಿ ಬರೆದ ನೀತಿಯೊಂದು ಮನುಷ್ಯರ ನಡುವಿನ ಸುಳ್ಳನ್ನು ಕಾಣದೆ ಹೋದರೆ, ಆ ನೀತಿ ಪ್ರಕೃತಿಯನ್ನೂ ಉಳಿಸಲಾರದು. ಇದನ್ನು ನಾನು ಇಲಾಖೆಗೆ ಬರೆದ ಪತ್ರದಲ್ಲಿ ಇದೇ ಮಾತುಗಳಲ್ಲಿ ಹೇಳಿದ್ದೇನೆ, ಉತ್ತರ ಬಂದಿಲ್ಲ.

ತೀರ್ಪು ಮಾತ್ರ ಬೇಗ ಬಂತು. ಗುಂಪಿನ ಆ ವರ್ಷದ ಸಹಾಯಧನವನ್ನು ತಡೆಹಿಡಿದರು, ಲ್ಯಾಂಟಿಯನ್ನು ಗುಂಪಿನ ಅಧ್ಯಕ್ಷತೆಯಿಂದ ಇಳಿಸಿದರು. ಕೆಲಸವನ್ನು ಮೂರು ವರ್ಷಕ್ಕೆ ಹಂಚಿದರು: ವರ್ಷಕ್ಕೆ ಎರಡು ಮನೆ, ಮೂರು ಎಕರೆ, ಮೊದಲೆರಡು ಮನೆ ಯಾವುವೆಂಬುದು ಆಗ್ನೆಸಳಿಗೆ ಬಿಟ್ಟದ್ದು. ಒಂದು ಪತ್ರದಿಂದ ಜೂನ್ ತಿಂಗಳಲ್ಲಿ ಆಗಬಹುದಾಗಿದ್ದುದು ಒಂದು ಕಣಿವೆಯನ್ನು ಒಡೆದು ಜುಲೈ ತಿಂಗಳಲ್ಲಿ ಆಯಿತು.

ತೀರ್ಪು ಬಂದ ಮರುದಿನ ಮಧ್ಯಾಹ್ನ ಲ್ಯಾಂಟಿ ಬಂದ. ಈ ಸಲ ಅಡುಗೆಮನೆಗೆ ಬರಲಿಲ್ಲ, ಅಂಗಳದಲ್ಲೇ ನಿಂತ.

“ಮುಗಿಸಿದೆಯಲ್ಲ ನಮ್ಮನ್ನ.”

“ನಾನು ಮುಗಿಸಿದ್ದು ಇನ್ನೂರ ಮೂವತ್ತು ಕುರಿ. ಒಬ್ಬಳೇ.”

“ಹರಾಜಿಗೆ ಹೋದ್ರೆ ಬೇರೆ ಕಣಿವೆಯೋರೆಲ್ಲ ನಗ್ತಾರೆ ನನ್ನ ನೋಡಿ.”

“ಅಭ್ಯಾಸ ಆಗತ್ತೆ. ನಮಗೆ ಆಯ್ತು.” ಆಗ್ನೆಸ್ ಕೊಯ್ಯುವ ಯಂತ್ರದ ಅಲಗಿಗೆ ಎಣ್ಣೆ ಬಿಡುತ್ತಿದ್ದಳು, ತಲೆಯೆತ್ತಲಿಲ್ಲ. “ಗುರುವಾರ ಮೂರೆಕರೆ ಕೊಯ್ತೀನಿ. ಮೊದಲ ಪಾಲು ನಿನ್ನ ಹೊಲಕ್ಕೆ.”

ಅವನಿಗೆ ನಂಬಿಕೆಯಾಗಲಿಲ್ಲ. “ನನಗ್ಯಾಕೆ?”

“ನಿನಗಲ್ಲ, ಹೊಲಕ್ಕೆ. ನನ್ನದಕ್ಕೂ ನಿನ್ನದಕ್ಕೂ ನಡುವೆ ಇರೋದು ಒಂದೇ ಗೋಡೆ. ನಿನ್ನ ಕಡೆ ಹೂ ಬಿಟ್ರೆ ನನ್ನ ಕಡೆ ದುಂಬಿ ಜಾಸ್ತಿ ಆಗತ್ತೆ. ಕಕ್ಕುಲಾತಿಗೆ ಅಲ್ಲ.”

“ನಿನ್ನ ಮುಂದೆ ಕೈ ಒಡ್ಡಲ್ಲ ನಾನು.”

“ಒಡ್ಡಬೇಡ. ಟ್ರೇಲರ್ ಕಳಿಸು.”

ಗುರುವಾರ ಬೆಳಿಗ್ಗೆ ಇಬ್ಬನಿ ಆರುವ ಮೊದಲೇ ಆಗ್ನೆಸ್ ಹೊಳೆಯ ಕಡೆಯ ಮೂರು ಎಕರೆಯನ್ನು ಕೊಯ್ದಳು. ಆ ಹುಲ್ಲಿನಲ್ಲಿ ಗೂಡು ಕಟ್ಟುವ ಉದ್ದಕೊಕ್ಕಿನ ಹಕ್ಕಿಗಳು ಆಗಲೇ ಮರಿಗಳನ್ನು ಹಾರಿಸಿಕೊಂಡು ಹೋಗಿದ್ದವು. ಎಂಟರ ಹೊತ್ತಿಗೆ ಮೌನ್ಸಿಯವರ ಟ್ರ್ಯಾಕ್ಟರ್ ಗೇಟಿನೊಳಗೆ ಬಂತು. ಓಡಿಸುತ್ತಿದ್ದವಳು ಮೇವಿಸ್. ಗಂಡಸರು ಯಾರೂ ಬಂದಿರಲಿಲ್ಲ. ಇಬ್ಬರೂ ಒಂದೂವರೆ ಗಂಟೆ ಕವೆಗೋಲಿನಲ್ಲಿ ಹಸಿಹುಲ್ಲು ಎತ್ತಿ ಹೇರಿದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಾನು ಉದುರಿದ್ದನ್ನು ಗುಡಿಸಿ ಕೊಡುತ್ತಿದ್ದೆ. ಟ್ರೇಲರ್ ತುಂಬಿ, ಹಗ್ಗ ಬಿಗಿದು, ಮೇವಿಸ್ ಮೇಲೆ ಹತ್ತಿ ಕುಳಿತ ಮೇಲೆ ಮೊದಲ ಮಾತು ಬಂತು.

“ನಿನ್ನ ಮಾತ್ರ ನಾನು ಕ್ಷಮಿಸಲ್ಲ ಆಗ್ನೆಸ್.”

“ನಾನು ಕೇಳಿಲ್ಲ. ಮಧ್ಯಾಹ್ನದೊಳಗೆ ಹರಡು. ರಾಶಿ ಬಿಟ್ರೆ ಒಳಗೇ ಬಿಸಿಯಾಗಿ ಬೀಜ ಬೆಂದುಹೋಗತ್ತೆ.”

“ಎಷ್ಟು ದಪ್ಪ ಹರಡೋದು?”

“ತೆಳ್ಳಗೆ. ಮಣ್ಣು ಕಾಣ್ತಿರ್ಬೇಕು.”

ಮೇವಿಸ್ ಗೇರು ಹಾಕಿದಳು, ಮತ್ತೆ ತೆಗೆದಳು. ಮುಂದಿನ ಗಾಜಿನ ಕಡೆಗೇ ನೋಡುತ್ತಾ ಹೇಳಿದಳು: “ಅಕ್ಟೋಬರ್ ಹತ್ತಕ್ಕೆ ಇಳಿಸೋದು. ಬೆಳಿಗ್ಗೆ ಆರಕ್ಕೆ ಮೇಲಿನ ಗೇಟು. ಪಶ್ಚಿಮದ ಕಲ್ಲುಗುಡ್ಡೆ ಕಡೆ ನಿನ್ನ ಜಾಗ ಖಾಲಿ ಬಿಟ್ಟಿದಾರೆ. ಅಲ್ಲಿ ಯಾರೂ ಇಲ್ದಿದ್ರೆ ಎಲ್ಲರ ಕುರೀನೂ ಆ ಸಂದೀಲೇ ನುಸುಳ್ಕೊಂಡು ಹೋಗ್ತವೆ. ಅದಕ್ಕೆ. ಯಾರೂ ನಿನ್ನ ಮಾತಾಡಿಸಲ್ಲ.”

“ಮಾತಾಡ್ಸೋದು ಬೇಡ. ನಾಯಿ ಕರ್ಕೊಂಡು ಬರ್ತೀನಿ.”

ಟ್ರ್ಯಾಕ್ಟರ್ ಗೇಟು ದಾಟಿ ಏರು ಹತ್ತತೊಡಗಿತು. ಹಸಿಹುಲ್ಲಿನಿಂದ ಆಗಲೇ ಸಣ್ಣಗೆ ಹಬೆ ಏಳುತ್ತಿತ್ತು.

“ಮಧ್ಯಾಹ್ನದೊಳಗೆ!” ಎಂದು ಆಗ್ನೆಸ್ ಹಿಂದಿನಿಂದ ಕೂಗಿದಳು.

ಮೇವಿಸ್ ತಿರುಗಿ ನೋಡಲಿಲ್ಲ. ಟ್ರ್ಯಾಕ್ಟರಿನ ವೇಗ ಮಾತ್ರ ಹೆಚ್ಚಿತು.